ನಾಲ್ಕು ಗೋಪಾಲಸ್ವಾಮಿ ಬೆಟ್ಟದಷ್ಟು ಎತ್ತರಕ್ಕೆ: ಬೆಂಗಳೂರಿನ ಚೀತಾ ಹೆಲಿಕಾಪ್ಟರ್ ಕಥೆ

2019ರ ಫೆಬ್ರುವರಿ ಕೊನೆಯ ವಾರವನ್ನು ಗುಂಡ್ಲುಪೇಟೆ ಕಡೆಯವರು ಮರೆತಿಲ್ಲ. ಬಂಡೀಪುರ ಹೊತ್ತಿ ಉರಿಯುತ್ತಿತ್ತು. ಅರಣ್ಯ ಇಲಾಖೆಯವರು, ಊರಿನವರು, ಹೊರಗಿನಿಂದ ಬಂದ ಸ್ವಯಂಸೇವಕರು ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುತ್ತಿದ್ದರು. ಆಗ ಕೊಯಮತ್ತೂರು ಹತ್ತಿರದ ಸೂಲೂರು ವಾಯುನೆಲೆಯಿಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದವು. ಹೊಟ್ಟೆಯ ಕೆಳಗೆ ದೊಡ್ಡ ಬಕೆಟ್ ನೇತುಹಾಕಿಕೊಂಡು, ನೀರು ತುಂಬಿಕೊಂಡು ಬಂದು ಕಾಡಿನ ಮೇಲೆ ಸುರಿದವು. ಆ ವಿಡಿಯೊ ಎಲ್ಲರ ಫೋನಿನಲ್ಲೂ ಓಡಾಡಿತು.

ಅದಾದ ಮೇಲೆ ನಮ್ಮ ಕಡೆ ಒಂದು ಪ್ರಶ್ನೆ ಉಳಿದುಬಿಟ್ಟಿದೆ. "ಬೆಂಕಿ ಆರ್ಸಕ ಬರ ಹೆಲಿಕಾಪ್ಟ್ರು, ಹೆರಿಗ ನೋವು ಬಂದವ್ರ ಕರ್ಕ ಹೋಗಕ ಯಾಕ ಬರಲ್ಲ?" ಮಲೆ ಮಹದೇಶ್ವರ ಬೆಟ್ಟದ ಕಾಡಿನ ಊರುಗಳಲ್ಲಿ ಕಾಯಿಲೆಯವರನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿ ಬಂದಾಗಲೆಲ್ಲ ಈ ಮಾತು ಏಳುತ್ತದೆ. ಇದು ತಮಾಷೆಯ ಪ್ರಶ್ನೆಯಲ್ಲ. ಉತ್ತರ ಹುಡುಕುತ್ತಾ ಹೋದರೆ ಒಂದು ಇತಿಹಾಸವೇ ಸಿಗುತ್ತದೆ. ಅದರ ದೊಡ್ಡ ಪಾಲು ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಬಂಡೀಪುರಕ್ಕೆ ಬಂದದ್ದು ದೊಡ್ಡ ಹೆಲಿಕಾಪ್ಟರ್. ಹೊರೆ ತುಂಬಿದಾಗ ಅದರ ತೂಕ 13 ಟನ್‌ವರೆಗೂ ಹೋಗುತ್ತದೆ. ಬೆಟ್ಟದ ತುದಿಯಿಂದ ಒಬ್ಬ ಗಾಯಾಳುವನ್ನು ಎತ್ತಿ ತರುವ ಕೆಲಸಕ್ಕೆ ಬೇರೆ ಜಾತಿಯ ಹೆಲಿಕಾಪ್ಟರ್ ಇದೆ. ಅದು ಚಿಕ್ಕದು, ಹಗುರ, ಐದೇ ಸೀಟು. ಹೆಸರು ಚೀತಾ. ಖಾಲಿ ಇದ್ದಾಗ ತೂಕ ಸುಮಾರು ಒಂದು ಟನ್, ಅಂದರೆ ಒಂದು ಕಾರಿನಷ್ಟು. ಈ ಬರಹ ಅದರ ಕಥೆ.

ಶುರುವಾದದ್ದು ಅಸ್ಸಾಮಿನಿಂದ

ಯುದ್ಧದ ನಡುವೆ ಹೆಲಿಕಾಪ್ಟರಿನಲ್ಲಿ ಜನರನ್ನು ಪಾರು ಮಾಡಿದ ಮೊದಲ ಪ್ರಸಂಗ ನಡೆದದ್ದು 1944ರ ಏಪ್ರಿಲ್‌ನಲ್ಲಿ, ಬರ್ಮಾದ ಕಾಡಿನಲ್ಲಿ. ಎರಡನೇ ಮಹಾಯುದ್ಧದ ಕಾಲ. ಒಂದು ಚಿಕ್ಕ ವಿಮಾನ ಜಪಾನೀಯರ ಹಿಡಿತದ ಜಾಗದಲ್ಲಿ ಬಿದ್ದಿತ್ತು. ಅದರಲ್ಲಿ ಪೈಲಟ್ ಜೊತೆ ಮೂವರು ಗಾಯಗೊಂಡ ಬ್ರಿಟಿಷ್ ಸೈನಿಕರಿದ್ದರು. ಅವರನ್ನು ತರಲು ಅಮೆರಿಕದ ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್ ಸಿಕೋರ್ಸ್ಕಿ ಕಂಪನಿಯ ಆರ್-4 ಹೆಲಿಕಾಪ್ಟರ್ ತೆಗೆದುಕೊಂಡು ಅಸ್ಸಾಮಿನ ಲಾಲಾಘಾಟ್‌ನಿಂದ ಹೊರಟ.

ಆ ಹೆಲಿಕಾಪ್ಟರಿಗೆ ಪೈಲಟ್ ಬಿಟ್ಟರೆ ಇನ್ನೊಬ್ಬನನ್ನು ಮಾತ್ರ ಎತ್ತುವ ಶಕ್ತಿ. ಬಿಸಿಲಿಗೆ ಎಂಜಿನ್ ಕುದಿಯುತ್ತಿತ್ತು. ಹಾರ್ಮನ್ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೋಗಿ ಬಂದು ನಾಲ್ವರನ್ನೂ ಪಾರು ಮಾಡಿದ. ಪಾರು ಮಾಡುವ ಹೆಲಿಕಾಪ್ಟರಿಗೆ ಶಾಖ, ಎತ್ತರ ಮತ್ತು ತೂಕ ಎಂಬ ಮೂರು ಶತ್ರುಗಳಿವೆ ಎಂಬುದು ಅವತ್ತೇ ಗೊತ್ತಾಗಿತ್ತು.

ಎರಡನೇ ಪಾಠ ಸಿಕ್ಕಿದ್ದು ಯುರೋಪಿನ ಆಲ್ಪ್ಸ್ ಪರ್ವತದಲ್ಲಿ. 1956ರ ಡಿಸೆಂಬರ್ ಕೊನೆಗೆ ಮಾಂ ಬ್ಲಾಂ ಶಿಖರದ ಹಿಮದಲ್ಲಿ ಇಬ್ಬರು ಯುವ ಪರ್ವತಾರೋಹಿಗಳು ಸಿಕ್ಕಿಕೊಂಡರು. ಅವರನ್ನು ತರಲು ಹೋದ ದೊಡ್ಡ ಹೆಲಿಕಾಪ್ಟರ್ ಅಲ್ಲೇ ಬಿದ್ದುಹೋಯಿತು. ಈಗ ಪಾರು ಮಾಡಲು ಹೋದವರನ್ನೇ ಪಾರು ಮಾಡಬೇಕಾಯಿತು. 1957ರ ಜನವರಿ ಮೊದಲ ವಾರದಲ್ಲಿ ಆ ಕೆಲಸ ಮಾಡಿದ್ದು ಅಲುವೆಟ್-2 ಎಂಬ ಚಿಕ್ಕ ಫ್ರೆಂಚ್ ಹೆಲಿಕಾಪ್ಟರ್. ಆ ಇಬ್ಬರು ಹುಡುಗರು ಮಾತ್ರ ಬದುಕಲಿಲ್ಲ. ಆದರೆ ಎತ್ತರದಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ ಎಂಬುದನ್ನು ಜಗತ್ತು ನೋಡಿತು.

ಮೈಸೂರು ಸೀಮೆಯ ಕಾರ್ಖಾನೆ

ಬೆಂಗಳೂರಿನ ಎಚ್‌ಎಎಲ್ ಶುರುವಾದದ್ದು 1940ರ ಡಿಸೆಂಬರ್ 23ರಂದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಹೆಸರಿನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮುಂದೆ ಬಂದರು. ಮೈಸೂರು ಸಂಸ್ಥಾನ ಜಾಗ ಕೊಟ್ಟಿತು, ಬಂಡವಾಳವನ್ನೂ ಹಾಕಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಆ ಸಂಸ್ಥಾನದಲ್ಲೇ ಇದ್ದವು. ನಮ್ಮ ಅಜ್ಜ ಮುತ್ತಜ್ಜಂದಿರು ಕಟ್ಟಿದ ಕಂದಾಯದ ಕಾಸೂ ಆ ಕಾರ್ಖಾನೆಯ ಬುನಾದಿಯಲ್ಲಿ ಸೇರಿದೆ ಎಂದರೆ ತಪ್ಪಾಗದು.

ಸ್ವಾತಂತ್ರ್ಯ ಬಂದ ಮೇಲೆ ಹಿಮಾಲಯದ ಗಡಿ ಕಾಯುವುದು ದೇಶದ ದೊಡ್ಡ ಚಿಂತೆಯಾಯಿತು. ರಸ್ತೆಯಿಲ್ಲದ ಠಾಣೆಗಳಿಗೆ ಔಷಧಿ, ಕಾಗದ, ಕಾಳು ತಲುಪಿಸಬೇಕು. ಗಾಯಗೊಂಡವರನ್ನು ಇಳಿಸಬೇಕು. 1962ರಲ್ಲಿ ಎಚ್‌ಎಎಲ್ ಫ್ರಾನ್ಸಿನ ಸೂದ್ ಏವಿಯಾಸಿಯೋಂ ಕಂಪನಿಯಿಂದ ಅಲುವೆಟ್-3 ಹೆಲಿಕಾಪ್ಟರ್ ತಯಾರಿಸುವ ಲೈಸೆನ್ಸ್ ಪಡೆಯಿತು. ಬೆಂಗಳೂರಿನಲ್ಲಿ ಜೋಡಿಸಿದ ಮೊದಲನೆಯದು 1965ರಲ್ಲಿ ಹಾರಿತು. ಅದಕ್ಕೆ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟರು, ಚೇತಕ್. ಪೈಲಟ್ ಜೊತೆ ಆರು ಜನ ಕೂರಬಹುದು. ಸೀಟು ತೆಗೆದರೆ ಎರಡು ಸ್ಟ್ರೆಚರ್ ಹಿಡಿಯುತ್ತದೆ. ಸೇನೆ, ವಾಯುಪಡೆ, ನೌಕಾಪಡೆ, ಕರಾವಳಿ ಕಾವಲು ಪಡೆ ಎಲ್ಲರಿಗೂ ಸೇರಿ ಎಚ್‌ಎಎಲ್ 300ಕ್ಕೂ ಹೆಚ್ಚು ಚೇತಕ್ ಮಾಡಿಕೊಟ್ಟಿತು.

ಆದರೆ ಹಿಮಾಲಯದ ತೀರಾ ಎತ್ತರದ ಜಾಗಗಳಿಗೆ ಚೇತಕ್ ಸಾಲುತ್ತಿರಲಿಲ್ಲ.

ಎತ್ತರಕ್ಕೆ ಹೋದರೆ ಆಗುವುದೇನು

ಹೆಲಿಕಾಪ್ಟರ್ ಹಾರುವುದು ತಲೆಯ ಮೇಲಿನ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದ. ತಳ್ಳಲು ಗಾಳಿಯೇ ಕಡಿಮೆಯಾದರೆ? ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸಮುದ್ರ ಮಟ್ಟದಿಂದ 1,454 ಮೀಟರ್, ಸುಮಾರು 4,770 ಅಡಿ. ಅಂಥ ನಾಲ್ಕು ಬೆಟ್ಟ ಒಂದರ ಮೇಲೊಂದು ಇಟ್ಟರೆ 19,000 ಅಡಿ ದಾಟುತ್ತದೆ. ಸಿಯಾಚಿನ್‌ನ ಮೇಲಿನ ಠಾಣೆಗಳು ಇರುವುದು ಆ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಅರ್ಧಕ್ಕಿಂತ ಕಡಿಮೆ. ಮನುಷ್ಯನಿಗೆ ಉಸಿರು ಕಟ್ಟುವಂತೆ ಎಂಜಿನ್‌ಗೂ ಉಸಿರು ಕಟ್ಟುತ್ತದೆ, ರೆಕ್ಕೆಗೂ ಹಿಡಿತ ಸಿಗುವುದಿಲ್ಲ.

1968ರ ಕೊನೆಗೆ ಭಾರತದ ಈ ಬೇಡಿಕೆಗೆಂದೇ ಫ್ರೆಂಚ್ ಎಂಜಿನಿಯರುಗಳು ಹೊಸದೊಂದನ್ನು ರೂಪಿಸಲು ಕೂತರು. ಅವರು ಮಾಡಿದ ಉಪಾಯ ರೈತರಿಗೆ ಬೇಗ ಅರ್ಥವಾಗುತ್ತದೆ. ಹಳೆಯ ಅಲುವೆಟ್-2ರ ಹಗುರ ದೇಹ ತೆಗೆದುಕೊಂಡು, ಅದಕ್ಕೆ ದೊಡ್ಡದಾದ ಅಲುವೆಟ್-3ರ ಎಂಜಿನ್ ಮತ್ತು ರೆಕ್ಕೆ ಕೂರಿಸಿದರು. ಚಿಕ್ಕ ಗಾಡಿಗೆ ಎರಡು ಜೊತೆ ಎತ್ತು ಕಟ್ಟಿದ ಹಾಗೆ. ಆ ಎಂಜಿನ್‌ಗೆ 870 ಅಶ್ವಶಕ್ತಿ ಇದ್ದರೂ ಬಳಕೆಯನ್ನು 550ಕ್ಕೆ ಮಿತಿ ಮಾಡಿದರು. ಕೆಳಗೆ ಒಂದು ಜೊತೆ ಎತ್ತೇ ಸಾಕು. ಮೇಲೆ ಹೋದಂತೆ ಎಂಜಿನ್ ಸೊರಗಿದಾಗ ಉಳಿಸಿಕೊಂಡ ಶಕ್ತಿ ಕೈಹಿಡಿಯುತ್ತದೆ.

ತೂಕ ಕಡಿಮೆ ಮಾಡಲು ಬಾಲದ ಭಾಗಕ್ಕೆ ತಗಡೇ ಹೊದಿಸಿಲ್ಲ. ಕರೆಂಟ್ ಟವರನ್ನು ಅಡ್ಡ ಮಲಗಿಸಿದಂತೆ ಬರೀ ಪೈಪುಗಳ ಚೌಕಟ್ಟು. ಮುಂದೆ ಗಾಜಿನ ಗುಳ್ಳೆ. ನೋಡಲು ಮಿಡತೆಯಂತೆ ಕಾಣುತ್ತದೆ.

ಇದು 1969ರ ಮಾರ್ಚ್ 17ರಂದು ಮೊದಲ ಬಾರಿ ಹಾರಿತು. ಫ್ರೆಂಚರು ಇದನ್ನು ಲಾಮಾ ಎಂದು ಕರೆದರು. ಅದೇ ವರ್ಷ ಹಿಮಾಲಯಕ್ಕೆ ತಂದು 7,500 ಮೀಟರ್ ಎತ್ತರದಲ್ಲಿ ಇಳಿಸಿ ಮತ್ತೆ ಹಾರಿಸಿ ತೋರಿಸಿದರು. 1972ರ ಜೂನ್ 21ರಂದು ಪೈಲಟ್ ಝಾಂ ಬೂಲೆ ಲಾಮಾವನ್ನು 12,442 ಮೀಟರ್‌ವರೆಗೆ ಒಯ್ದ. ಆ ಚಳಿಗೆ ಎಂಜಿನ್ ನಿಂತೇಹೋಯಿತು. ಬೀಳುವಾಗ ಕೆಳಗಿನಿಂದ ನುಗ್ಗುವ ಗಾಳಿಗೇ ರೆಕ್ಕೆ ತಿರುಗುವಂತೆ ಹಿಡಿದು, ಎಂಜಿನ್ ಇಲ್ಲದೆ ಅಷ್ಟೂ ದೂರ ಕ್ಷೇಮವಾಗಿ ಇಳಿದ. ಆ ದಾಖಲೆ ದಶಕಗಳ ಕಾಲ ನಿಂತಿತು.

ಎಚ್‌ಎಎಲ್ 1970ರಲ್ಲೇ ಲಾಮಾ ತಯಾರಿಸುವ ಒಪ್ಪಂದ ಮಾಡಿಕೊಂಡಿತ್ತು. ಬೆಂಗಳೂರಿನಲ್ಲಿ ಜೋಡಿಸಿದ ಮೊದಲನೆಯದು 1972ರ ಅಕ್ಟೋಬರ್‌ನಲ್ಲಿ ಹಾರಿತು. ಇಲ್ಲಿ ಅದಕ್ಕೆ ಇಟ್ಟ ಹೆಸರು ಚೀತಾ. ಮುಂದೆ 200ಕ್ಕೂ ಹೆಚ್ಚು ಚೀತಾಗಳು ಬೆಂಗಳೂರಿನಲ್ಲಿ ತಯಾರಾದವು.

ಸಿಯಾಚಿನ್

ಸಿಯಾಚಿನ್ ಹಿಮನದಿಯ ಮೇಲೆ ವಾಯುಪಡೆಯ ಹೆಲಿಕಾಪ್ಟರ್ ಮೊದಲು ಇಳಿದದ್ದು 1978ರ ಅಕ್ಟೋಬರ್‌ನಲ್ಲಿ. ಅದು ಚೇತಕ್. 1984ರ ಏಪ್ರಿಲ್ 13ರಂದು 'ಆಪರೇಷನ್ ಮೇಘದೂತ್' ಶುರುವಾದಾಗ ಮೊದಲ ಸೈನಿಕರನ್ನು ಬಿಲಾಫೋಂಡ್ ಲಾ ಎಂಬ ಕಣಿವೆಯ ತಲೆಗೆ ಮುಟ್ಟಿಸಿದ್ದು ಚೀತಾ. ಅವತ್ತಿನಿಂದ ಇವತ್ತಿನವರೆಗೂ ಮೇಲಿನ ಠಾಣೆಗಳಿಗೆ ಜೀವನಾಡಿ ಅದೇ. ಲೇಹ್‌ನಲ್ಲಿರುವ ವಾಯುಪಡೆಯ 114ನೇ ಹೆಲಿಕಾಪ್ಟರ್ ಘಟಕ, ಸೇನೆಯ ಪೈಲಟ್‌ಗಳು, ಎಲ್ಲರೂ ಈ ಮಿಡತೆಯನ್ನೇ ನಂಬಿ ಹಾರಿದ್ದಾರೆ.

ಅಲ್ಲಿ ಇಳಿಯುವ ಜಾಗ ಎಂದರೆ ಹಿಮದ ಮೇಲೆ ಸಮ ಮಾಡಿದ ಪುಟ್ಟ ಕಟ್ಟೆ. ಇಳಿದರೂ ರೆಕ್ಕೆ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಆ ಚಳಿಯಲ್ಲಿ ಎಂಜಿನ್ ಮತ್ತೆ ಶುರುವಾಗುತ್ತದೆ ಎಂಬ ಭರವಸೆಯಿಲ್ಲ. ತುತ್ತತುದಿಯ ಠಾಣೆಗಳಿಗೆ ಒಮ್ಮೆಗೆ ಒಯ್ಯಲಾಗುವುದು ಸೀಮೆಎಣ್ಣೆಯ ಒಂದೆರಡು ಕ್ಯಾನು ಮಾತ್ರ. ವಾಪಸು ಬರುವಾಗ ಹಿಮಕಡಿತದಿಂದ ಬೆರಳು ಕಳೆದುಕೊಂಡವನೋ, ಶ್ವಾಸಕೋಶಕ್ಕೆ ನೀರು ತುಂಬಿದವನೋ ಇದ್ದರೆ ಅವನನ್ನು ಕರೆತರಬೇಕು. ಎಷ್ಟು ಎಣ್ಣೆ ಉಳಿದಿದೆ, ಎಷ್ಟು ಕಿಲೋ ಎತ್ತಬಹುದು ಎಂಬ ಲೆಕ್ಕವೇ ಒಬ್ಬನ ಪ್ರಾಣದ ಲೆಕ್ಕ.

1999ರ ಕಾರ್ಗಿಲ್ ಯುದ್ಧದಲ್ಲೂ ಗಾಯಾಳುಗಳನ್ನು ಇಳಿಸಿದ್ದು ಚೀತಾಗಳೇ. ಗುಂಜನ್ ಸಕ್ಸೇನಾ ಅವರ ಸಿನಿಮಾ ಫೋನಿನಲ್ಲಿ ನೋಡಿದವರಿಗೆ ನೆನಪಿರಬಹುದು. ಅವರು ನಿಜವಾಗಿ ಹಾರಿಸಿದ್ದು ಚೀತಾ. 2004ರಲ್ಲಿ ಹೊಸ ಎಂಜಿನ್ ಕೂರಿಸಿದ ಚೀತಾ ಸಾಸೇರ್ ಕಾಂಗ್ರಿಯಲ್ಲಿ ಇಳಿಯಿತು. ಈ ಹೊಸ ರೂಪಕ್ಕೆ ಚೀತಲ್ ಎಂದು ಹೆಸರು.

2016ರ ಫೆಬ್ರುವರಿ

ಸಿಯಾಚಿನ್ ಎಲ್ಲೋ ದೂರದ ಮಾತು ಅನ್ನಿಸಿದರೆ ಈ ತಿಂಗಳನ್ನು ನೆನಪು ಮಾಡಿಕೊಳ್ಳಬೇಕು. ಫೆಬ್ರುವರಿ 3ರಂದು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. 19ನೇ ಮದ್ರಾಸ್ ಬೆಟಾಲಿಯನ್‌ನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ್. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ನಮ್ಮ ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಪಿ.ಎನ್. ಮಹೇಶ್.

ಹಿಮ ಕೊರೆಯುವ ಸಲಕರಣೆ, ವಾಸನೆ ಹಿಡಿಯುವ ನಾಯಿಗಳನ್ನು ಹೆಲಿಕಾಪ್ಟರಿನಲ್ಲೇ ಮೇಲೆ ಒಯ್ದರು. ಆರು ದಿನಗಳ ಮೇಲೆ ಹನುಮಂತಪ್ಪ ಜೀವಂತ ಸಿಕ್ಕಾಗ ಇಡೀ ರಾಜ್ಯ ಟಿವಿ ಮುಂದೆ ಕೂತಿತು. ಅವರನ್ನು ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿ, ಅಲ್ಲಿಂದ ವಿಮಾನದಲ್ಲಿ ದೆಹಲಿಯ ಸೇನಾ ಆಸ್ಪತ್ರೆಗೆ ಕರೆತಂದರು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಉಳಿದ ಒಂಬತ್ತು ಮಂದಿಯ ದೇಹಗಳು ಹವಾಮಾನ ಬಿಡದೆ ಕೆಳಗೆ ಬರಲು ಇನ್ನೂ ಕೆಲವು ದಿನ ಹಿಡಿಯಿತು.

ಅಲ್ಲಿ ಬದುಕಿದವರೂ ಸತ್ತವರೂ ಬರಬೇಕಾದ ದಾರಿ ಒಂದೇ. ಆ ದಾರಿ ಹೆಲಿಕಾಪ್ಟರ್.

ಮುಪ್ಪಿನ ಪ್ರಶ್ನೆ

ಚೀತಾದ ಗುಣ ಹೇಳಿದೆವು. ದೋಷವನ್ನೂ ಹೇಳಬೇಕು. ಅದರ ಮೂಲ ವಿನ್ಯಾಸ ಐವತ್ತು ವರ್ಷ ದಾಟಿದೆ. ಒಂದೇ ಎಂಜಿನ್. ಹೊಸ ಹೆಲಿಕಾಪ್ಟರ್‌ಗಳಲ್ಲಿ ಮೋಡ ಮುಸುಕಿದಾಗ ಪೈಲಟ್‌ಗೆ ದಾರಿ ತೋರುವ ಪರದೆಗಳಿರುತ್ತವೆ. ಇದರಲ್ಲಿ ಬಹುಪಾಲು ಹಳೆಯ ಮುಳ್ಳಿನ ಮೀಟರುಗಳು. ಅಪಘಾತಗಳು ಒಂದರ ಮೇಲೊಂದು ಆಗಿವೆ.

2014ರ ಅಕ್ಟೋಬರ್‌ನಲ್ಲಿ ಬರೇಲಿಯಲ್ಲಿ ಚೀತಾ ಬಿದ್ದು ಸೇನೆಯ ಮೂವರು ಅಧಿಕಾರಿಗಳು ಸತ್ತರು. ಆ ಮೇಲೆ ಸೇನಾ ಪೈಲಟ್‌ಗಳ ಪತ್ನಿಯರು ಒಟ್ಟಾಗಿ, ಈ ಹಳೆಯ ಹೆಲಿಕಾಪ್ಟರ್‌ಗಳನ್ನು ನಿಲ್ಲಿಸಿ ಎಂದು ಆಗಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಅವರ ಮುಂದೆ ಬೇಡಿಕೆ ಇಟ್ಟರು. 2022ರ ಮಾರ್ಚ್‌ನಲ್ಲಿ ಕಾಶ್ಮೀರದ ಗುರೇಜ್‌ನಲ್ಲಿ ಬಿಎಸ್‌ಎಫ್‌ನ ಕಾಯಿಲೆ ಬಿದ್ದ ಯೋಧನನ್ನು ಕರೆತರಲು ಹೊರಟ ಚೀತಾ ಬಿದ್ದಿತು. ಮೇಜರ್ ಸಂಕಲ್ಪ್ ಯಾದವ್ ತೀರಿಕೊಂಡರು. 2023ರ ಮಾರ್ಚ್‌ನಲ್ಲಿ ಅರುಣಾಚಲದ ಮಂಡಲಾ ಬಳಿ ಇನ್ನೊಂದು ಬಿದ್ದು ಇಬ್ಬರು ಪೈಲಟ್‌ಗಳು ಹೋದರು.

ಹಾಗಾದರೆ ನಿಲ್ಲಿಸಬಾರದೇ? ಇವತ್ತು ನಿಲ್ಲಿಸಿದರೆ ನಾಳೆ ಸೋನಂನಂಥ ಠಾಣೆಯಲ್ಲಿ ಎದೆ ಹಿಡಿದುಕೊಂಡವನನ್ನು ಇಳಿಸುವವರು ಯಾರು? ನಿಲ್ಲಿಸಲೂ ಆಗದ, ಹಾರಿಸಲೂ ಧೈರ್ಯ ಬಾರದ ಸ್ಥಿತಿ ಇದು. ನಮಗೆ ಈ ಇತಿಹಾಸ ಮುಖ್ಯ ಅನ್ನಿಸಿದ್ದು ಇಲ್ಲೇ. ಪಾರು ಮಾಡುವ ಯಂತ್ರಕ್ಕೆ ಬದಲಿ ತರುವುದು ತಡವಾದರೆ, ಅದರ ಬೆಲೆಯನ್ನು ಮೊದಲು ಕಟ್ಟುವವರು ಪಾರು ಮಾಡಲು ಹೋಗುವವರೇ.

ಬದಲಿ ಬರುವ ದಾರಿ

ಎಚ್‌ಎಎಲ್ ಸುಮ್ಮನೆ ಕೂತಿರಲಿಲ್ಲ. 1984ರಲ್ಲಿ ಜರ್ಮನಿಯ ಎಂಬಿಬಿ ಕಂಪನಿಯ ನೆರವಿನಿಂದ ಧ್ರುವ್ ಹೆಲಿಕಾಪ್ಟರ್ ಕೆಲಸ ಶುರುವಾಯಿತು. 1992ರ ಆಗಸ್ಟ್‌ನಲ್ಲಿ ಮೊದಲ ಹಾರಾಟ, 2002ರಲ್ಲಿ ಸೇವೆಗೆ. ಎರಡು ಎಂಜಿನ್, 5.5 ಟನ್. ಪ್ರವಾಹ, ಭೂಕುಸಿತ ಎಲ್ಲ ಕಡೆ ಅದು ದುಡಿದಿದೆ. ಅದಕ್ಕೂ ತೊಂದರೆ ತಪ್ಪಲಿಲ್ಲ. 2025ರ ಜನವರಿ 5ರಂದು ಪೋರ್‌ಬಂದರ್‌ನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಬಿದ್ದು ಮೂವರು ಸತ್ತರು. ಎಲ್ಲ ಧ್ರುವ್‌ಗಳನ್ನೂ ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಬೇಕಾಯಿತು.

ಚೀತಾದ ನಿಜವಾದ ಉತ್ತರಾಧಿಕಾರಿ ಇನ್ನೊಂದು. ಅದು ಎಲ್‌ಯುಎಚ್ ಎಂಬ ಹಗುರ ಹೆಲಿಕಾಪ್ಟರ್. ಸೇನೆ ಮತ್ತು ವಾಯುಪಡೆಗೆಂದು 187 ತಯಾರಿಸುವ ಯೋಜನೆಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಮೂರು ಟನ್ ತೂಕದ ವರ್ಗ, ಒಂದೇ ಎಂಜಿನ್, ಆದರೆ ಹೊಸ ಕಾಲದ ಶಕ್ತಿ ಎಂಜಿನ್ ಮತ್ತು ಹೊಸ ಕಾಲದ ಪರದೆಗಳು. ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ್ದು 2016ರ ಸೆಪ್ಟೆಂಬರ್ 6ರಂದು, ಹನುಮಂತಪ್ಪ ತೀರಿಕೊಂಡ ಏಳು ತಿಂಗಳಿಗೆ. 2019ರಲ್ಲಿ ಲೇಹ್‌ನ ಎತ್ತರದಲ್ಲಿ ಪರೀಕ್ಷೆ ಮಾಡಿದರು. 2020ರ ಫೆಬ್ರುವರಿಯಲ್ಲಿ ವಾಯುಪಡೆಯ ಮಾದರಿಗೆ, ಮರುವರ್ಷ ಸೇನೆಯ ಮಾದರಿಗೆ ಆರಂಭಿಕ ಅನುಮತಿ ಸಿಕ್ಕಿತು.

ಅದನ್ನು ತಯಾರಿಸಲೆಂದೇ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಕಾರ್ಖಾನೆ ಎದ್ದಿದೆ. ಶಂಕುಸ್ಥಾಪನೆ 2016ರ ಜನವರಿಯಲ್ಲಿ, ಉದ್ಘಾಟನೆ 2023ರ ಫೆಬ್ರುವರಿ 6ರಂದು. ಮೊದಲಿಗೆ ವರ್ಷಕ್ಕೆ 30 ಹೆಲಿಕಾಪ್ಟರ್ ಮಾಡುವ ಗುರಿ. ಆದರೆ ಹಳೆಯ ಚೀತಾಗಳ ಜಾಗ ತುಂಬುವಷ್ಟು ಹೊಸವು ಇನ್ನೂ ಸೇವೆಗೆ ಬಂದಿಲ್ಲ.

ನಮ್ಮೂರಿಗೆ ಬರುತ್ತದೆಯೇ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅದಕ್ಕೆ ಉತ್ತರದ ಒಂದು ಭಾಗ ನಮ್ಮ ಬಾಗಿಲಲ್ಲೇ ಸಿಕ್ಕಿದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. ಗುಂಡ್ಲುಪೇಟೆಯಿಂದ ಮುತ್ತಂಗ ದಾಟಿದರೆ ವಯನಾಡು. ಅಲ್ಲಿಗೆ ದುಡಿಯಲು ಹೋಗಿ ನೆಲೆಸಿದ್ದ ನಮ್ಮ ಜಿಲ್ಲೆಯವರೂ ಸತ್ತವರಲ್ಲಿದ್ದರು. ಅವತ್ತು ಸೂಲೂರಿನಿಂದ ಹೊರಟ ಹೆಲಿಕಾಪ್ಟರ್‌ಗಳು ಮಳೆ ಮೋಡಕ್ಕೆ ವಯನಾಡಿನಲ್ಲಿ ಇಳಿಯಲಾಗದೆ ಕೋಯಿಕ್ಕೋಡ್‌ಗೆ ಹೋಗಬೇಕಾಯಿತು. ಮೋಡ ಸರಿದ ಮೇಲೆ ಬಂದು ಗಾಯಾಳುಗಳನ್ನು ಎತ್ತಿದವು. ಅಷ್ಟರಲ್ಲಿ ಕೆಸರಿನಲ್ಲಿ ಇಳಿದು ಹಗ್ಗ ಕಟ್ಟಿ ಜನರನ್ನು ದಾಟಿಸಿದವರು ಸ್ಥಳೀಯರು ಮತ್ತು ರಕ್ಷಣಾ ಪಡೆಯವರು. ಎರಡು ದಿನದಲ್ಲಿ 190 ಅಡಿಯ ಬೈಲಿ ಸೇತುವೆ ಕಟ್ಟಿದವರು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು.

ಹೆಲಿಕಾಪ್ಟರಿಗೆ ಬೇಕಾದ್ದು ಎಣ್ಣೆ ಮಾತ್ರವಲ್ಲ. ಬಿಡುವು ಕೊಡುವ ಆಕಾಶ ಬೇಕು. ತಂತಿ, ಮರ ಇಲ್ಲದ ಬಯಲು ಬೇಕು. ಜೊತೆಗೆ ನರ್ಸ್ ಇಲ್ಲವೇ ಡಾಕ್ಟರ್ ಬೇಕು. ಇಳಿಸಿದ ಕಡೆ ಸಿದ್ಧವಾಗಿರುವ ಆಸ್ಪತ್ರೆ ಬೇಕು. ಇದೆಲ್ಲ ಆಗದ ಮಾತೇನಲ್ಲ. ಉತ್ತರಾಖಂಡದಲ್ಲಿ ಋಷಿಕೇಶದ ಏಮ್ಸ್ ಆಸ್ಪತ್ರೆ 2024ರ ಅಕ್ಟೋಬರ್‌ನಲ್ಲಿ ಬೆಟ್ಟದ ಊರುಗಳ ರೋಗಿಗಳಿಗಾಗಿ ಉಚಿತ ಹೆಲಿಕಾಪ್ಟರ್ ಸೇವೆ ಶುರು ಮಾಡಿತು. ಏಳು ತಿಂಗಳಿಗೆ, ಕೇದಾರನಾಥದಲ್ಲಿ ಇಳಿಯುವಾಗ ಅದರ ಬಾಲ ಮುರಿಯಿತು. ಒಳಗಿದ್ದವರಿಗೆ ಏನೂ ಆಗಲಿಲ್ಲ. ಆಗುತ್ತದೆ ಎಂಬುದಕ್ಕೂ ಎಷ್ಟು ಕಷ್ಟ ಎಂಬುದಕ್ಕೂ ಅದೇ ಉದಾಹರಣೆ.

ಆದ್ದರಿಂದ ಡೋಲಿ ಹೊರುವ ಊರುಗಳಿಗೆ ನಾವು ಹೆಲಿಕಾಪ್ಟರ್ ಕೇಳುವ ಮೊದಲು ಮಳೆಗಾಲದಲ್ಲೂ ಜೀಪು ಹೋಗುವ ದಾರಿ ಕೇಳಬೇಕು. ಬಿಲಾಫೋಂಡ್‌ಗೆ ದಾರಿ ಮಾಡಲಾಗುವುದಿಲ್ಲ, ಅದಕ್ಕೇ ಅಲ್ಲಿ ಚೀತಾ ಹಾರುತ್ತದೆ. ಮಹದೇಶ್ವರ ಬೆಟ್ಟದ ಊರುಗಳ ಕಥೆ ಹಾಗಲ್ಲ.

ಗುಬ್ಬಿಯ ಕಾರ್ಖಾನೆಯಿಂದ ಹೊಸವು ಸಾಲುಸಾಲಾಗಿ ಹೊರಬರುವ ತನಕ ಸಿಯಾಚಿನ್‌ನಲ್ಲಿ ಚೀತಾ ಹಾರಲೇಬೇಕು. ಅದರಲ್ಲಿ ಕೂತಿರುವ ಪೈಲಟ್, ಸ್ಟ್ರೆಚರ್ ಮೇಲೆ ಮಲಗಿರುವ ಸಿಪಾಯಿ, ಇಬ್ಬರಿಗೂ ಎಲ್ಲೋ ಒಂದು ಊರಿದೆ. ಆ ಊರು ಎಚ್.ಡಿ. ಕೋಟೆಯಲ್ಲಿರಬಹುದು, ಗುಂಡ್ಲುಪೇಟೆಯಲ್ಲೂ ಇರಬಹುದು.